ಸಂದೂಕದಲ್ಲಿ ಸಿಕ್ಕ ವಿ.ಟಿ. ಸ್ಟೇಷನ್ನಿನ ಫೋಟೊ: ತೊಳೆಯಬೇಕೆ, ಮಾರಬೇಕೆ, ಹಾಗೇ ಬಿಡಬೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಕಲಬುರಗಿಯ ನಿವೃತ್ತ ಶಿಕ್ಷಕಿ. ನಮ್ಮ ಮುತ್ತಜ್ಜ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯಲ್ಲಿ ಗುಮಾಸ್ತರಾಗಿ ಮುಂಬಯಿಯಲ್ಲಿ ಬಹಳ ವರ್ಷ ಇದ್ದರಂತೆ. ಮಾರ್ಚಿನಲ್ಲಿ ದಾದರಿನ ದೊಡ್ಡಪ್ಪನ ಮನೆ ಖಾಲಿ ಮಾಡುವಾಗ ಹಳೆಯ ಸಂದೂಕದಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೊ ಸಿಕ್ಕಿತು. ಸುಮಾರು 11 ಇಂಚು ಅಗಲ, 9 ಇಂಚು ಎತ್ತರ. ವಿ.ಟಿ. ಸ್ಟೇಷನ್ನಿನದು. ಕೆಳಗೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ‘ವಿಕ್ಟೋರಿಯಾ ಟರ್ಮಿನಸ್, ಬಾಂಬೆ’ ಎಂದಿದೆ, ಪಕ್ಕದಲ್ಲಿ ಒಂದು ನಂಬರು. ರಟ್ಟಿನ ಹಿಂದೆ ಪೆನ್ಸಿಲ್‌ನಲ್ಲಿ 1878 ಎಂದು ಯಾರೋ ಬರೆದಿದ್ದಾರೆ. ಫೋಟೊ ಹಳದಿಗಟ್ಟಿದೆ, ಅಂಚು ಮಾಸಿದೆ, ಕಂದು ಚುಕ್ಕೆಗಳಿವೆ. ಹಾಲ್‌ನ ಬೀರುವಿನ ಮೇಲೆ ಇಟ್ಟಿದ್ದೇನೆ; ತಂದಾಗ ಚಪ್ಪಟೆಯಾಗಿದ್ದ ರಟ್ಟು ಈಗ ಬಿಲ್ಲಿನ ಹಾಗೆ ಬಾಗಿದೆ. ಹಳೆ ಸಾಮಾನು ವ್ಯಾಪಾರಿಯೊಬ್ಬರು ‘ಇದು ರಾಜಾ ದೀನ್ ದಯಾಳ್ ತೆಗೆದದ್ದು, 1878ರದೇ’ ಎಂದು ಒಳ್ಳೆಯ ಮೊತ್ತ ಹೇಳಿದ್ದಾರೆ. ಸ್ಟುಡಿಯೊದವರು ‘ತೊಳೆದು, ಇಸ್ತ್ರಿ ಹಾಕಿ, ಲ್ಯಾಮಿನೇಷನ್ ಮಾಡಿಕೊಡುತ್ತೇನೆ, ಅಳಿಸಿಹೋದ ಆಕಾಶಕ್ಕೆ ಮೋಡವನ್ನೂ ಹಾಕುತ್ತೇನೆ’ ಅನ್ನುತ್ತಾರೆ. ಬೀದಿಯಲ್ಲಿ ಜನವೇ ಇಲ್ಲ, ಗೇಟಿನ ಬಳಿ ರುಮಾಲು ಸುತ್ತಿದ ಒಬ್ಬರು ಮಾತ್ರ ಮಸುಕಾಗಿ ಕಾಣುತ್ತಾರೆ. ಅವರೇ ಮುತ್ತಜ್ಜ ಎಂದು ನಮ್ಮ ಅಕ್ಕನ ವಾದ. ಇದು ನಿಜಕ್ಕೂ ಎಷ್ಟು ಹಳೆಯದು? ಸ್ವಚ್ಛ ಮಾಡಿಸಬಹುದೇ? ಮಾರುವುದೋ ಬೇಡವೋ? ಮೊಬೈಲಿನಲ್ಲಿ ತೆಗೆದ ಆರು ಚಿತ್ರ ಕಳಿಸಿದ್ದೇನೆ.

ಉತ್ತರ: ಮೇಡಂ, ಮೊದಲು ಒಂದು ಕೆಲಸ ಮಾಡಿ. ಸ್ಟುಡಿಯೊದವರಿಗೆ ಫೋನ್ ಮಾಡಿ ‘ಸದ್ಯಕ್ಕೆ ಏನೂ ಬೇಡ’ ಎಂದು ಹೇಳಿಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಹಳೆಯ ಫೋಟೊ ಕೈಗೆ ಬಂದ ಮೊದಲ ತಿಂಗಳೇ ಅದಕ್ಕೆ ಅತ್ಯಂತ ಅಪಾಯದ ತಿಂಗಳು. ನೂರು ವರ್ಷ ಕತ್ತಲಲ್ಲಿ ಸುಮ್ಮನೆ ಬಿದ್ದಿದ್ದ ವಸ್ತುವಿನ ಮೇಲೆ ಮನೆಯವರ ಪ್ರೀತಿಯೆಲ್ಲ ಒಂದೇ ಸಲ ಸುರಿಯುತ್ತದೆ: ಒದ್ದೆ ಬಟ್ಟೆ, ಇಸ್ತ್ರಿ ಪೆಟ್ಟಿಗೆ, ಫೆವಿಕಾಲು. ನನ್ನ ಮೇಜಿಗೆ ಬರುವ ಹಾಳಾದ ಫೋಟೊಗಳಲ್ಲಿ ಅರ್ಧಕ್ಕರ್ಧ ಕಾಲದಿಂದ ಹಾಳಾದವಲ್ಲ, ಉಪಕಾರದಿಂದ ಹಾಳಾದವು.

ವಯಸ್ಸಿನ ಪ್ರಶ್ನೆಗೆ ಬರುತ್ತೇನೆ. ವ್ಯಾಪಾರಿಯ ಮಾತನ್ನೂ ಹಿಂದಿನ ಪೆನ್ಸಿಲ್ ಬರಹವನ್ನೂ ಆಮೇಲೆ ನೋಡೋಣ, ಚಿತ್ರವೇ ಏನು ಹೇಳುತ್ತದೆ ಕೇಳೋಣ. 1878 ಆ ಕಟ್ಟಡದ ಕೆಲಸ ಶುರುವಾದ ವರ್ಷ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ಕಟ್ಟಿ ಮುಗಿಸಲು ಹತ್ತು ವರ್ಷ ಹಿಡಿಯಿತು, 1888ರಲ್ಲಿ ಪೂರ್ಣವಾಯಿತು. ನಿಮ್ಮ ಫೋಟೊದಲ್ಲಿ ಗುಮ್ಮಟ ಪೂರ್ತಿಯಾಗಿದೆ, ಅದರ ತುದಿಯಲ್ಲಿ ಕೈಯೆತ್ತಿ ನಿಂತ ಹೆಂಗಸಿನ ವಿಗ್ರಹವೂ ಇದೆ. ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಚಕ್ರ ಹಿಡಿದ ಆ ವಿಗ್ರಹಕ್ಕೆ ‘ಪ್ರಗತಿ’ ಎಂದು ಹೆಸರು. ಪಾಯ ತೋಡುತ್ತಿದ್ದ ವರ್ಷ ಗುಮ್ಮಟದ ತುದಿಯ ವಿಗ್ರಹ ಕಾಣುವುದು ಹೇಗೆ? ಇನ್ನೊಂದು ಸುಳಿವು ನಿಮ್ಮ ಕಣ್ಣೆದುರೇ ಇದೆ. ‘ವಿಕ್ಟೋರಿಯಾ ಟರ್ಮಿನಸ್’ ಎಂಬ ಹೆಸರೇ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ, 1887ರಲ್ಲಿ ಬಂದದ್ದು. ಅದಕ್ಕೂ ಮೊದಲು ಅಲ್ಲಿದ್ದದ್ದು ಬೋರಿಬಂದರ್ ಸ್ಟೇಷನ್. 1853ರ ಏಪ್ರಿಲ್ 16ರಂದು ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಅಲ್ಲಿಂದಲೇ. ನಮ್ಮ ಕಡೆಯ ಹಳಬರ ಬಾಯಲ್ಲಿ ಕೊನೆಯವರೆಗೂ ಅದು ‘ಬೋರಿಬಂದರ’ವೇ ಆಗಿತ್ತು. ಆಮೇಲೆ ವಿ.ಟಿ. ಆಯಿತು, 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ‘ಮಹಾರಾಜ’ ಸೇರಿತು. ಹಾಗಾಗಿ ಆ ಬಿಳಿ ಅಕ್ಷರಗಳೇ 1878ನ್ನು ತಳ್ಳಿಹಾಕುತ್ತವೆ.

‘ಆದರೆ 1878ರ ವಿ.ಟಿ. ಚಿತ್ರವನ್ನು ನಾನು ನೋಡಿದ್ದೇನಲ್ಲ’ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಅದು ಸ್ವೀಡನ್ ಮೂಲದ ಕಲಾವಿದ ಆಕ್ಸೆಲ್ ಹೇಗ್ ಬರೆದ ಜಲವರ್ಣ. ಕಟ್ಟಡ ಏಳುವ ಮೊದಲೇ, ಎದ್ದ ಮೇಲೆ ಹೇಗೆ ಕಾಣುತ್ತದೆ ಎಂದು ಸ್ಟೀವನ್ಸನ ವಿನ್ಯಾಸ ನೋಡಿ ಬರೆದದ್ದು. ಅದರ ಕಪ್ಪು ಬಿಳುಪು ಪ್ರತಿಗಳು ಫೋಟೊ ಎಂಬ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಓಡಾಡುತ್ತವೆ. 1853ರ ಮೊದಲ ರೈಲಿನದು ಎಂದು ಬರುವ ಫೋಟೊಗಳ ಬಗೆಗೂ ಇಷ್ಟೇ ಅನುಮಾನವಿರಲಿ. ಓಡುತ್ತಿರುವ ರೈಲು ಚೂರೂ ಅಲುಗದಂತೆ ಸ್ಪಷ್ಟವಾಗಿ ಮೂಡಿದ್ದರೆ ಅದು 1853ರ ಕ್ಯಾಮೆರಾದ ಕೆಲಸವಲ್ಲ.

ಈಗ ಎಡ ಅಂಚಿಗೆ ಬನ್ನಿ. ನೀವು ಕಳಿಸಿದ ಮೂರನೆಯ ಚಿತ್ರದಲ್ಲಿ, ರಸ್ತೆಯ ಆಚೆ ಬದಿಯಲ್ಲಿ, ಇನ್ನೊಂದು ಎತ್ತರದ ಗೋಪುರದ ಕಟ್ಟಡ ಅರ್ಧ ಕಾಣುತ್ತಿದೆ. ಅದು ಮುಂಬಯಿ ಮಹಾನಗರ ಪಾಲಿಕೆಯ ಕಚೇರಿ. ಅದೂ ಸ್ಟೀವನ್ಸನದೇ ವಿನ್ಯಾಸ. ಅಡಿಗಲ್ಲು ಬಿದ್ದದ್ದು 1884ರಲ್ಲಿ, ಕಟ್ಟುವ ಕೆಲಸ ಶುರುವಾದದ್ದು 1889ರಲ್ಲಿ, ಮುಗಿದದ್ದು 1893ರಲ್ಲಿ. ನಿಮ್ಮ ಫೋಟೊದಲ್ಲಿ ಗೋಪುರ ತುದಿಯವರೆಗೂ ಇದೆ, ಸುತ್ತ ಸಾರುವೆ ಕಟ್ಟಿದ ಕುರುಹಿಲ್ಲ. ಸಾರುವೆ ಕಂಡಿದ್ದರೆ ಒಂದೆರಡು ವರ್ಷದ ಅಂತರದಲ್ಲೇ ಹೇಳಿಬಿಡಬಹುದಿತ್ತು. ಕಾಣದಿರುವುದರಿಂದ 1893 ಅಥವಾ ಆಮೇಲೆ ಎಂದು ಇಟ್ಟುಕೊಳ್ಳೋಣ.

ಆಮೇಲೆ ಎಂದರೆ ಎಲ್ಲಿಯವರೆಗೆ? ಇದಕ್ಕೆ ಉತ್ತರ ರಸ್ತೆಯಲ್ಲಿದೆ. ನೆಲದಲ್ಲಿ ಟ್ರಾಮಿನ ಹಳಿಗಳು ಹೊಳೆಯುತ್ತಿವೆ, ತಲೆಯ ಮೇಲೆ ತಂತಿ ಇಲ್ಲ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲಿ ಶುರುವಾಗಿ 1905ರವರೆಗೆ ಓಡಿತು. ವಿದ್ಯುತ್ ಟ್ರಾಮು ಬಂದದ್ದು 1907ರ ಮೇ ತಿಂಗಳಲ್ಲಿ. ಅದರ ಜೊತೆಗೇ ಕಂಬ, ತಂತಿ ಎಲ್ಲ ಬಂದವು. ಬಲಗಡೆ ನಿಂತಿರುವ ಗಾಡಿ ಕುದುರೆ ಟ್ರಾಮೇ ಇರಬೇಕು. ಗಾಡಿ ಸ್ಪಷ್ಟವಾಗಿದೆ, ಅದರ ಮುಂದೆ ಎರಡು ಮಸುಕು ಮುದ್ದೆಗಳಿವೆ ನೋಡಿ. ಕುದುರೆಗಳು ತಲೆ ಅಲ್ಲಾಡಿಸಿದರೆ ಹೀಗೇ ಕಾಣುತ್ತದೆ. ಒಟ್ಟಿನಲ್ಲಿ ಚಿತ್ರ ತೆಗೆದದ್ದು 1893ಕ್ಕೂ 1905ಕ್ಕೂ ನಡುವೆ ಎಂದು ಸಾಕಷ್ಟು ಧೈರ್ಯದಿಂದ ಹೇಳುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಇದು ಗಾಜಿನ ನೆಗೆಟಿವ್‌ನ ವಯಸ್ಸು. ಅದೇ ಗಾಜಿನಿಂದ ಸ್ಟುಡಿಯೊಗಳು ವರ್ಷಗಟ್ಟಲೆ ಪ್ರತಿ ತೆಗೆದು ಮಾರುತ್ತಿದ್ದವು.

ಹಾಗಾದರೆ ಹಿಂದೆ 1878 ಎಂದು ಬರೆದವರು ಸುಳ್ಳು ಹೇಳಿದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ‘ಈ ಕಟ್ಟಡ ಕಟ್ಟಲು ಶುರು ಮಾಡಿದ್ದು 1878ರಲ್ಲಿ’ ಎಂದು ಅದರೊಳಗೇ ಕೆಲಸ ಮಾಡಿದವರಿಗೆ ಗೊತ್ತಿರುವುದು ಸಹಜ. ಮನೆಯ ಯಾರೋ ಅದನ್ನು ಗುರುತು ಹಾಕಿಟ್ಟಿರಬಹುದು. ಅದು ಕಟ್ಟಡದ ವರ್ಷ, ಫೋಟೊದ್ದಲ್ಲ. ಆ ಪೆನ್ಸಿಲ್ ಅಕ್ಷರವನ್ನು ದಯವಿಟ್ಟು ಅಳಿಸಬೇಡಿ. ಅದು ಮುತ್ತಜ್ಜನದೇ ಕೈಬರಹವಾಗಿದ್ದರೆ ಮುಂದಿನ ಚಿತ್ರಕ್ಕಿಂತ ಹಿಂದಿನ ಆ ನಾಲ್ಕು ಅಂಕಿಗಳೇ ನಿಮ್ಮ ಮನೆಗೆ ದೊಡ್ಡವು. ಹಳೆಯ ಪತ್ರವೋ ಲೆಕ್ಕದ ಪುಸ್ತಕವೋ ಇದ್ದರೆ ಹೋಲಿಸಿ ನೋಡಿ.

ದೀನ್ ದಯಾಳರ ವಿಷಯ. ವ್ಯಾಪಾರಿ ಜಾಣ, ಕಲಬುರಗಿಯವರಿಗೆ ಹಿಡಿಸುವ ಹೆಸರನ್ನೇ ಹೇಳಿದ್ದಾನೆ. ಆಗ ನಿಮ್ಮೂರು ನಿಜಾಮರ ಸೀಮೆ. ದೀನ್ ದಯಾಳ್ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಗಾರ, ‘ರಾಜಾ’ ಎಂಬ ಬಿರುದು ಅಲ್ಲಿಂದಲೇ ಬಂದದ್ದು. 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೊ ತೆರೆದರು, 1905ರಲ್ಲಿ ತೀರಿಕೊಂಡರು. ಕಾಲವೇನೋ ಹೊಂದುತ್ತದೆ. ಆದರೆ ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಅವರ ಚಿತ್ರಗಳಲ್ಲಿ ಸಾಮಾನ್ಯವಾಗಿ ನೆಗೆಟಿವ್‌ನ ಮೇಲೇ ಹೆಸರು, ನಂಬರು ಇರುತ್ತದೆ. ಕೆಲವು ರಟ್ಟುಗಳ ಮೇಲೆ ಉಬ್ಬುಮುದ್ರೆ ಇರುತ್ತದೆ. ನಿಮ್ಮದರಲ್ಲಿ ನಂಬರು ಇದೆ, ಹೆಸರು ನನಗೆ ಕಾಣಲಿಲ್ಲ. ರಟ್ಟಿನ ನಾಲ್ಕೂ ಮೂಲೆಗಳ ಮೇಲೆ ಪಕ್ಕದಿಂದ ಟಾರ್ಚು ಹಾಯಿಸಿ ನೋಡಿ, ಉಬ್ಬು ಅಕ್ಷರ ಇದ್ದರೆ ನೆರಳಿನಲ್ಲಿ ಎದ್ದು ಕಾಣುತ್ತದೆ. ಹೆಸರು ಸಿಕ್ಕರೂ ಅದು ಸ್ಟುಡಿಯೊದ ಹೆಸರು, ಕ್ಯಾಮೆರಾ ಹಿಂದೆ ನಿಂತವರದ್ದೇ ಆಗಬೇಕಿಲ್ಲ. ‘ಬೋರ್ನ್’ ಎಂಬ ಹೆಸರಿನ ವಿ.ಟಿ. ಚಿತ್ರವನ್ನು ಇಂಗ್ಲಿಷ್ ಛಾಯಾಚಿತ್ರಗಾರ ಸ್ಯಾಮ್ಯುಯೆಲ್ ಬೋರ್ನ್ ತೆಗೆದದ್ದೆಂದು ಹೆಮ್ಮೆಯಿಂದ ತೋರಿಸಿದವರಿದ್ದಾರೆ. ಆತ 1870ರ ದಶಕದ ಆರಂಭದಲ್ಲೇ ಇಂಗ್ಲೆಂಡಿಗೆ ಮರಳಿದ್ದ, ವಿ.ಟಿ.ಯ ಪಾಯವನ್ನೂ ನೋಡಿದವನಲ್ಲ. ಅವನು ಹೋದ ಮೇಲೂ ಬೋರ್ನ್ ಅಂಡ್ ಶೆಫರ್ಡ್ ಸಂಸ್ಥೆ ಆ ಹೆಸರಿನಲ್ಲೇ ದಶಕಗಟ್ಟಲೆ ನಡೆಯಿತು.

ಆ ಬಿಳಿ ಅಕ್ಷರ ಫೋಟೊದ ಮೇಲೆ ಬರೆದದ್ದಲ್ಲ. ಗಾಜಿನ ನೆಗೆಟಿವ್‌ನ ಮೇಲೆ ಶಾಯಿಯಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯುತ್ತಿದ್ದರು. ಶಾಯಿ ಇದ್ದ ಕಡೆ ಬೆಳಕು ದಾಟದೆ ಕಾಗದ ಬೆಳ್ಳಗೆ ಉಳಿಯುತ್ತಿತ್ತು. ನಿಮ್ಮ ಚಿತ್ರದಲ್ಲಿ ಒಂದು ಅಕ್ಷರ ತುಸು ಓರೆಯಾಗಿದೆ ನೋಡಿ. ದಿನವಿಡೀ ತಿರುಗುಮುರುಗು ಬರೆದು ಕೈ ಸೋತ ಗುಮಾಸ್ತನೊಬ್ಬನ ಅಕ್ಷರ ಅದು ಎಂದು ಅಂದುಕೊಳ್ಳುವುದು ನನಗೆ ಇಷ್ಟ.

ಬೀದಿ ಖಾಲಿ ಇರುವುದಕ್ಕೂ ಹಳೆಯ ಕಾಲಕ್ಕೂ ಸಂಬಂಧವಿಲ್ಲ. ‘ಆಗ ಮುಂಬಯಿ ಎಷ್ಟು ಶಾಂತವಾಗಿತ್ತು’ ಎಂದು ನಿಟ್ಟುಸಿರು ಬಿಡುವವರಿಗೆ ನಾನು ನೆರಳು ನೋಡಲು ಹೇಳುತ್ತೇನೆ. ವಿ.ಟಿ.ಯ ಮುಂಭಾಗ ಪಶ್ಚಿಮಕ್ಕಿದೆ. ನಿಮ್ಮ ಚಿತ್ರದಲ್ಲಿ ಅದರ ಮೇಲೆ ಬಿಸಿಲು ನೇರವಾಗಿ ಬಿದ್ದಿದೆ. ಅಂದರೆ ಮಧ್ಯಾಹ್ನ ಕಳೆದಿದೆ. ಆ ಹೊತ್ತಿಗೆ ಆ ಚೌಕದಲ್ಲಿ ಜನ ಇಲ್ಲದಿರುವುದು ಸಾಧ್ಯವೇ ಇಲ್ಲ. ದೊಡ್ಡ ಗಾಜಿನ ಫಲಕದ ಕ್ಯಾಮೆರಾದಲ್ಲಿ ಹತ್ತಿರದ ಕಲ್ಲಿನಿಂದ ದೂರದ ಗೋಪುರದವರೆಗೆ ಎಲ್ಲವೂ ಸ್ಪಷ್ಟವಾಗಬೇಕಾದರೆ ಮಸೂರದ ಕಿಂಡಿಯನ್ನು ತೀರ ಸಣ್ಣದು ಮಾಡಬೇಕು. ಆಗ ಬೆಳಕು ಸಾಕಾಗುವಷ್ಟು ಹೊತ್ತು, ಒಂದೆರಡು ಸೆಕೆಂಡಾದರೂ, ತೆರೆದಿಡಬೇಕು. ಅಷ್ಟರಲ್ಲಿ ನಡೆದುಹೋದವರು ಫಲಕದ ಮೇಲೆ ಉಳಿಯುವುದೇ ಇಲ್ಲ, ನಿಧಾನಿಸಿದವರು ಹೊಗೆಯಂತೆ ಉಳಿಯುತ್ತಾರೆ. ಭೂತಗನ್ನಡಿ ಹಿಡಿದು ರಸ್ತೆಯನ್ನು ನೋಡಿ, ಬೂದು ಬಣ್ಣದ ತೆಳು ಗೆರೆಗಳು ಕಾಣುತ್ತವೆ. ಖಾಲಿ ಬೀದಿ ಎಂದುಕೊಂಡದ್ದು ಜನಜಂಗುಳಿ. ಗುಮ್ಮಟದ ಕೆಳಗಿನ ಗಡಿಯಾರದ ಮುಳ್ಳುಗಳೂ ಕಂಡರೆ ಗಂಟೆ ಎಷ್ಟೆಂದು ನನಗೂ ತಿಳಿಸಿ.

ಆಕಾಶವೂ ಅಳಿಸಿಹೋಗಿಲ್ಲ. ಆ ಕಾಲದ ಸಾಮಾನ್ಯ ಫಲಕಗಳು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದವು, ಕೆಂಪು ಹಳದಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ನೀಲಿ ಆಕಾಶ ಬರೀ ಬಿಳಿಯಾಗುತ್ತಿತ್ತು, ಬಣ್ಣದ ಕಲ್ಲಿನ ಗೋಡೆ ನಿಜಕ್ಕಿಂತ ಕಪ್ಪಾಗುತ್ತಿತ್ತು. ಸ್ಟುಡಿಯೊದವರ ಮೋಡ ಬೇಡ.

ಇನ್ನು ಹಳದಿ, ಮಾಸುವಿಕೆ, ಬಾಗುವಿಕೆ. ಇದಕ್ಕೆ ಮೊದಲು ಆ ಕಾಗದ ಏನೆಂದು ತಿಳಿಯಬೇಕು. ನೆರಳಿನ ಭಾಗಗಳು ನೇರಳೆ ಮಿಶ್ರಿತ ಕಂದು, ಬೆಳಕಿನ ಭಾಗಗಳು ಹಳದಿ, ಮೇಲ್ಮೈ ತುಸು ಮಿರುಗು, ತೀರ ತೆಳು ಕಾಗದ, ಅದಕ್ಕೇ ದಪ್ಪ ರಟ್ಟು. ಇದು ಬಹುತೇಕ ಆಲ್ಬುಮೆನ್ ಪ್ರಿಂಟು, ಅಂದರೆ ಮೊಟ್ಟೆಯ ಬಿಳಿಯ ಲೋಳೆ ಹಚ್ಚಿದ ಕಾಗದದ ಮೇಲಿನ ಚಿತ್ರ. ಫ್ರಾನ್ಸಿನ ಬ್ಲಾಂಕ್ವಾರ್ ಎವ್ರಾರ್ 1850ರಲ್ಲಿ ಪ್ರಕಟಿಸಿದ ವಿಧಾನ. 1890ರ ದಶಕದವರೆಗೂ ಜಗತ್ತಿನ ಬಹುಪಾಲು ಫೋಟೊಗಳು ಮೊಟ್ಟೆಯ ಲೋಳೆಯ ಮೇಲೇ ಮೂಡಿದವು. ಒಮ್ಮೆ ಈರುಳ್ಳಿಯನ್ನೂ ಮುಟ್ಟದ ಮನೆಯವರು ದೇವರ ಕೋಣೆಯಲ್ಲಿಟ್ಟಿದ್ದ ಗುರುಗಳ ಹಳೆಯ ಫೋಟೊ ತಂದಿದ್ದರು. ಕಾಗದ ಯಾವುದೆಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ‘ಅವರಿಗೆ ಗೊತ್ತಿರಲಿಲ್ಲ ಬಿಡಪ್ಪ’ ಎಂದರು. ಗುರುಗಳಿಗೋ, ಫೋಟೊ ಇಟ್ಟವರಿಗೋ, ನಾನು ಕೇಳಲಿಲ್ಲ.

ನಿಮಗೇ ಪರೀಕ್ಷಿಸಬೇಕೆಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಸಾಲುಸಾಲಾಗಿ ಚುಕ್ಕೆ ಕಂಡರೆ ಅದು ಫೋಟೊ ಅಲ್ಲ, ಪುಸ್ತಕದಿಂದ ಬಂದ ಅಚ್ಚು. ಚುಕ್ಕೆ ಇಲ್ಲದೆ, ಚಿತ್ರದ ಒಳಗಿಂದ ಕಾಗದದ ನಾರು ಕಾಣುತ್ತಿದ್ದು, ಮೇಲೆ ಒಣಗಿದ ಕೆರೆಯಂಗಳದಂಥ ಸೂಕ್ಷ್ಮ ಬಿರುಕುಗಳಿದ್ದರೆ ಆಲ್ಬುಮೆನ್. ನಾರು ಕಾಣದೆ, ಬಣ್ಣ ಬೂದುಗಪ್ಪಾಗಿದ್ದು, ಕಡುಗಪ್ಪು ಭಾಗಗಳಲ್ಲಿ ಕನ್ನಡಿಯಂಥ ನೀಲಿ ಹೊಳಪು ಎದ್ದಿದ್ದರೆ ಅದು ಆಮೇಲಿನ ಜೆಲಟಿನ್ ಕಾಗದ.

ಹಳದಿ ಕೊಳೆಯಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು. ಮೊಟ್ಟೆಯ ಲೋಳೆಯಲ್ಲಿರುವ ಪ್ರೋಟೀನು, ಅದರಲ್ಲೇ ಸ್ವಲ್ಪ ಉಳಿದ ಸಕ್ಕರೆಯಂಶ, ಬೆಳ್ಳಿ, ಇವು ವರ್ಷಾನುವರ್ಷ ಒಂದರೊಡನೊಂದು ವರ್ತಿಸಿ ಬಣ್ಣ ಬದಲಾಗುತ್ತದೆ. ರೊಟ್ಟಿ ಕಾದು ಕಂದುಗಟ್ಟುವುದರ ಅತಿ ನಿಧಾನದ ರೂಪ ಎನ್ನಿ. ಕಂದಿದ ರೊಟ್ಟಿಯನ್ನು ತೊಳೆದು ಬಿಳಿ ಮಾಡಲಾಗುವುದಿಲ್ಲ. ಅಂಚುಗಳ ಮಾಸುವಿಕೆಗೆ ಕಾರಣ ಬೇರೆ. ಚಿತ್ರ ಮೂಡಿರುವುದೇ ಬೆಳ್ಳಿಯ ಅತಿಸೂಕ್ಷ್ಮ ಕಣಗಳಿಂದ. ಗಾಳಿಯ ತೇವ, ಗಂಧಕದ ಅಂಶ, ಅಗ್ಗದ ರಟ್ಟಿನಿಂದ ಹೊಮ್ಮುವ ಆಮ್ಲ ಅಂಚಿನಿಂದಲೇ ಒಳಕ್ಕೆ ತಿನ್ನುತ್ತ ಬರುತ್ತವೆ. ತಯಾರಿಸಿದ ದಿನವೇ ಕೊನೆಯ ನೀರಿನಲ್ಲಿ ಸರಿಯಾಗಿ ತೊಳೆಯದೆ ರಾಸಾಯನಿಕ ಉಳಿಸಿದ್ದರೆ ಆ ತಪ್ಪೂ ಇಷ್ಟು ವರ್ಷದ ಮೇಲೆ ಹೀಗೆ ಹೊರಬರುತ್ತದೆ. ಕಂದು ಚುಕ್ಕೆಗಳು ಮುಂಬಯಿಯ ಮಳೆಗಾಲಗಳ ಬಳುವಳಿ. ಬೂಷ್ಟು ಅಥವಾ ಕಾಗದದಲ್ಲಿದ್ದ ಕಬ್ಬಿಣದ ಕಣಗಳು ಅದಕ್ಕೆ ಕಾರಣ.

ಬಾಗಿದ್ದು ಮಾತ್ರ ಹೊಸದು, ಅದು ನಿಮ್ಮೂರಿನಲ್ಲಿ ಆದದ್ದು. ದಾದರಿನ ತೇವದಿಂದ ಕಲಬುರಗಿಯ ಬೇಸಗೆಗೆ ಒಮ್ಮೆಲೇ ಬಂದಾಗ ಲೋಳೆಯ ಪದರ ರಟ್ಟಿಗಿಂತ ಬೇಗ ಒಣಗಿ ಕುಗ್ಗಿತು, ರಟ್ಟನ್ನು ತನ್ನತ್ತ ಎಳೆದುಕೊಂಡಿತು. ಫೋಟೊ ಹಾಲ್‌ನ ಬೀರುವಿನ ಮೇಲಿದೆ ಎಂದು ಬರೆದಿದ್ದೀರಿ. ಆ ಹಾಲ್‌ನಲ್ಲಿ ನೀರಿನ ಕೂಲರ್ ಇದ್ದರೆ ಇನ್ನೂ ಕಷ್ಟ: ರಾತ್ರಿಯೆಲ್ಲ ತೇವ, ಹಗಲು ಕಾದ ಒಣಗಾಳಿ. ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿದರೆ ಬಿರುಕು ಬೀಳುವುದು ಖಂಡಿತ.

ಇಸ್ತ್ರಿ, ಪುಸ್ತಕದ ಭಾರ, ಎದುರು ದಿಕ್ಕಿಗೆ ಬಗ್ಗಿಸುವುದು, ಯಾವುದೂ ಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸ ಕಲಿಯುತ್ತಿದ್ದಾಗ ಇಂಥದೇ ಬಾಗಿದ ಫೋಟೊವನ್ನು ತೇವದ ಡಬ್ಬಿಯಲ್ಲಿಟ್ಟು ಮೆತ್ತಗಾಗಿಸಿ ಒತ್ತಿದೆ. ಚಪ್ಪಟೆಯೇನೋ ಆಯಿತು. ಮರುದಿನ ಬೆಳಗ್ಗೆ ನೋಡಿದರೆ ಇಡೀ ಮೇಲ್ಮೈ ಜೇಡರ ಬಲೆಯಂತೆ ಸೀಳಿತ್ತು, ಮುಖಗಳ ಮಿರುಗು ಹೋಗಿ ಮಂಕಾಗಿತ್ತು. ಅದರ ಒಡೆಯರು ದೊಡ್ಡ ಮನಸ್ಸಿನವರು, ‘ಮೊದಲಿಗಿಂತ ನೆಟ್ಟಗಾಗಿದೆಯಲ್ಲ’ ಎಂದರು. ನನಗೆ ಆ ಮಾತು ಇನ್ನೂ ಚುಚ್ಚುತ್ತದೆ. ನೀರಿನಲ್ಲಿ ತೊಳೆದರೂ ಹೀಗೇ ಆಗುತ್ತದೆ. ಹೊಸಗಾಲದ ಫೋಟೊ ಕಾಗದ ನೀರಿಗಿಳಿದೇ ಹುಟ್ಟುವುದರಿಂದ ಸ್ಟುಡಿಯೊದವರಿಗೆ ನೀರಿನ ಭಯವಿಲ್ಲ, ಅವರ ತಪ್ಪೂ ಅಲ್ಲ. ಆಲ್ಬುಮೆನ್ ಅವರ ಕೈಗೆ ಬರುವುದೇ ಅಪರೂಪ.

ಲ್ಯಾಮಿನೇಷನ್ ಬಗ್ಗೆ ಎರಡು ಮಾತಿಲ್ಲ. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಹೋದರೆ ಚಿತ್ರವೂ ಅದರ ಜೊತೆ ಬರುತ್ತದೆ. ಉಳಿದ ಯಾವ ತಪ್ಪಿಗಾದರೂ ಅಷ್ಟಿಷ್ಟು ಪ್ರಾಯಶ್ಚಿತ್ತ ಉಂಟು, ಇದಕ್ಕಿಲ್ಲ.

ಈಗ ನೀವು ಏನು ಮಾಡಬಹುದು? ಏನೂ ಮಾಡದಿರುವುದೇ ನನ್ನ ಮೊದಲ ಸಲಹೆ, ಆದರೆ ಸರಿಯಾದ ಜಾಗದಲ್ಲಿಟ್ಟು ಏನೂ ಮಾಡದಿರುವುದು. ಮನೆಯ ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ, ನಡುವಿನ ಅರೆಯಲ್ಲಿ, ಮಲಗಿಸಿ ಇಡಿ. ಕೂಲರ್, ಅಡುಗೆಮನೆ, ದೇವರ ದೀಪ ಮೂರರಿಂದಲೂ ದೂರವಿರಲಿ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಾಗಿದ ರಟ್ಟು ಅದುಮದಷ್ಟು ಆಳದ ಆಮ್ಲರಹಿತ ಪೆಟ್ಟಿಗೆಯಲ್ಲಿಡಿ. ಕೊಳ್ಳುವಾಗ ‘ಸುಣ್ಣದಂಶ ಬೆರೆಸದ ಕಾಗದ’ ಎಂದು ಕೇಳಿ. ಪುಸ್ತಕಗಳಿಗೆ ಒಳ್ಳೆಯದಾದ ಕ್ಷಾರದ ಕಾಗದ ಮೊಟ್ಟೆಯ ಲೋಳೆಗೆ ಅಷ್ಟು ಹಿಡಿಸುವುದಿಲ್ಲ. ಅದು ಸಿಗುವವರೆಗೆ ಒಗೆದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆ ನಡೆಯುತ್ತದೆ. ನುಸಿಗುಳಿಗೆ, ಕರ್ಪೂರ, ಬೇವಿನೆಲೆ ಪಕ್ಕದಲ್ಲಿಡಬೇಡಿ. ನುಸಿಗುಳಿಗೆಯ ಆವಿ ಫೋಟೊಗೆ ಕೆಡುಕು, ಎಲೆ ತೇವವನ್ನೂ ಹುಳುವನ್ನೂ ಕರೆಯುತ್ತದೆ. ಹಾಳೆ ಎತ್ತಿ ಅಂಟಿಸುವ ಮದುವೆ ಆಲ್ಬಮ್ಮು ಬೇಡವೇ ಬೇಡ. ಮಳೆಗಾಲ ಬಂದು ಗಾಳಿಯಲ್ಲಿ ತೇವ ಏರಿದಾಗ ರಟ್ಟು ತಾನಾಗಿಯೇ ಒಂದಿಷ್ಟು ನೆಟ್ಟಗಾದರೂ ಆದೀತು.

ಗೋಡೆಯ ಮೇಲೆ ನೋಡುವ ಆಸೆಯಿದ್ದರೆ ಪ್ರತಿ ತೂಗುಹಾಕಿ, ಮೂಲವನ್ನಲ್ಲ. ಪ್ರತಿ ತೆಗೆಯುವಾಗ ಬಾಗಿದ ರಟ್ಟನ್ನು ಸ್ಕ್ಯಾನರ್‌ನಲ್ಲಿ ಮುಚ್ಚಳ ಒತ್ತಿ ಅದುಮಬಾರದು. ಮೇಜಿನ ಮೇಲೆ ಮಲಗಿಸಿ, ಮೇಲಿಂದ ಕ್ಯಾಮೆರಾ ಇಟ್ಟು, ಎರಡು ಪಕ್ಕದಿಂದ ಓರೆಯಾಗಿ ಬೆಳಕು ಕೊಟ್ಟು ತೆಗೆಸಿ. ಬಣ್ಣದಲ್ಲೇ ತೆಗೆಸಿ, ಕಪ್ಪು ಬಿಳುಪಿನಲ್ಲಿ ಬೇಡ. ಆ ಹಳದಿ, ನೇರಳೆ ಕಂದುಗಳೇ ಅದರ ಜಾತಕ. ಮೂಲ ಅಳತೆಗೆ 600 ಡಿಪಿಐ ಬಂದರೆ ಸಾಕು, ಟಿಫ್ ಕಡತವಾಗಿ ಉಳಿಸಿಕೊಳ್ಳಿ. ರಟ್ಟಿನ ಹಿಂಬದಿಯನ್ನೂ ಮರೆಯದೆ ತೆಗೆಸಿ. ಮೊಮ್ಮಕ್ಕಳು ಎಐ ಹಾಕಿ ಬಣ್ಣ ತುಂಬಲಿ, ಮುಖ ಮೂಡಿಸಲಿ, ಆಟಕ್ಕೆ ಅಡ್ಡಿಯಿಲ್ಲ; ಆದರೆ ಆ ಕಡತಕ್ಕೆ ಬೇರೆ ಹೆಸರಿಡಿ. ಯಂತ್ರ ಊಹಿಸಿ ಹಾಕಿದ ಒಂದು ತಂತಿ ಸಾಕು, ನಾವು ಕಷ್ಟಪಟ್ಟು ಹಿಡಿದ 1905 ತಲೆಕೆಳಗಾಗಲು.

ನುರಿತ ಸಂರಕ್ಷಕರಿಂದ ಚಿಕಿತ್ಸೆ ಮಾಡಿಸುವುದು ಎರಡನೆಯ ದಾರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. ಹೋಗುವ ಮೊದಲು ಆಲ್ಬುಮೆನ್ ಪ್ರಿಂಟಿನ ಅನುಭವ ಇರುವವರು ಯಾರು ಎಂದು ಕೇಳಿ. ಒಣ ಕುಂಚದಿಂದ ಧೂಳು ತೆಗೆಯುವುದು, ಹರಿದ ಮೂಲೆಗೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಸೇರಿಸುವುದು, ಇಷ್ಟು ನಿರ್ಭಯವಾಗಿ ಮಾಡಿಸಬಹುದು. ‘ರಟ್ಟಿನಿಂದ ಬಿಡಿಸಿ ಹೊಸ ರಟ್ಟಿಗೆ ಹಾಕುತ್ತೇವೆ’ ಎಂದರೆ ಮಾತ್ರ ತಡೆದು ಯೋಚಿಸಿ. ಆಮ್ಲ ಹೊಮ್ಮಿಸುವುದು ರಟ್ಟೇ ಹೌದು, ಆದರೆ ಆ ತೆಳು ಕಾಗದಕ್ಕೆ ಇಷ್ಟು ವರ್ಷ ಬೆನ್ನೆಲುಬಾಗಿರುವುದೂ ಅದೇ. ಬಿಡಿಸುವಾಗ ತೇವ ಬೇಕೇ ಬೇಕು, ಬಿಡಿಸಿದ ಮೇಲೆ ಸುರುಳಿ ಸುತ್ತುತ್ತದೆ. ನಿಮ್ಮ ಫೋಟೊದ ಸ್ಥಿತಿಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾರಾಟದ ಬಗ್ಗೆ ಕೇಳಿದ್ದೀರಿ. ಇಂಥ ಚಿತ್ರಗಳನ್ನು ಪ್ರವಾಸಿಗರಿಗೂ ನೌಕರರಿಗೂ ನೆನಪಿನ ಕಾಣಿಕೆಯಾಗಿ ಬಹಳಷ್ಟು ಪ್ರತಿ ಮಾಡಿ ಮಾರುತ್ತಿದ್ದರು, ವಿ.ಟಿ. ಅಂತೂ ಎಲ್ಲರಿಗೂ ಬೇಕಾದ ನೋಟ. ಆದ್ದರಿಂದ ಇದು ಲೋಕದಲ್ಲಿ ಒಂದೇ ಒಂದು ಎಂಬ ಆಸೆ ಬೇಡ. ವ್ಯಾಪಾರಿಗೆ ಕೊಡಲೇಬೇಕೆಂದಿದ್ದರೆ ‘ದೀನ್ ದಯಾಳರದು, 1878ರದು’ ಎಂಬ ಮಾತನ್ನು ರಸೀದಿಯಲ್ಲಿ ಬರೆದುಕೊಡಿ ಎಂದು ಕೇಳಿ, ಮುಖ ನೋಡಿ. ಹೊರದೇಶದವರು ಕೊಳ್ಳುತ್ತೇವೆಂದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. ನೂರು ವರ್ಷ ದಾಟಿದ ಕಲಾಕೃತಿಗಳನ್ನು ಹೊರಗೆ ಕಳಿಸುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಅಂಚೆಗೆ ಹಾಕಬೇಡಿ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎನ್ನುವ ಕಾಲ ಬಂದರೆ ಸಂಗ್ರಹಾಲಯಕ್ಕೆ ಕೊಡಬಹುದು. ಬೆಂಗಳೂರಿನ ‘ಮ್ಯಾಪ್’, ಅಂದರೆ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ದೆಹಲಿಯ ಅಲ್ಕಾಝಿ ಪ್ರತಿಷ್ಠಾನ ಇಂಥವನ್ನು ಬಲ್ಲ ಜಾಗಗಳು. ತೆಗೆದುಕೊಳ್ಳುತ್ತಾರೋ ಇಲ್ಲವೋ ಅವರ ಆಯ್ಕೆ. ಕೊಟ್ಟರೆ ಮುತ್ತಜ್ಜನ ಕಥೆಯನ್ನೂ ಬರೆದು ಕೊಡಿ.

ಆ ಕಥೆಯನ್ನು ನೀವು ಸಣ್ಣದೆಂದುಕೊಂಡಿದ್ದೀರಿ. ವಿ.ಟಿ. ಬರೀ ಸ್ಟೇಷನ್ನಾಗಿರಲಿಲ್ಲ. ಚಿತ್ರದಲ್ಲಿ ಕಾಣುವ ಆ ಕಮಾನು ಕಿಟಕಿಗಳ ಹಿಂದೆ ಇದ್ದದ್ದು ಜಿಐಪಿ ಕಂಪನಿಯ ಮುಖ್ಯ ಕಚೇರಿ. ಅದೇ ಕಂಪನಿಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ ರಾಯಚೂರಿಗೆ ಬಂದು 1871ರಲ್ಲಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿತು. ನಿಮ್ಮೂರಿನ ಹುಡುಗನೊಬ್ಬ ಓದು ಬರಹ ಕಲಿತು ಬೋರಿಬಂದರಿಗೆ ರೈಲು ಹತ್ತಿದ್ದರ ಹಿಂದೆ ಆ ಹಳಿ ಇದೆ. ಮುತ್ತಜ್ಜ ಪ್ರಯಾಣಿಕರ ಹಾಗೆ ಆ ಕಟ್ಟಡವನ್ನು ಕೆಳಗಿನಿಂದ ನೋಡಿದವರಲ್ಲದಿರಬಹುದು, ದಿನಾ ಮೆಟ್ಟಿಲು ಹತ್ತಿ ಅದರೊಳಗೆ ಕೂತು ಲೆಕ್ಕ ಬರೆದವರಿರಬಹುದು. ಸಂದೂಕದಲ್ಲಿ ನೇಮಕದ ಕಾಗದ, ಪ್ರಾವಿಡೆಂಟ್ ಫಂಡಿನ ಚೀಟಿ, ರೈಲ್ವೆ ಪಾಸು ಏನಾದರೂ ಇದೆಯೇ ನೋಡಿ. ಇದ್ದರೆ ಫೋಟೊದ ಜೊತೆಗೇ ಇಡಿ, ಆದರೆ ಬೇರೆ ಲಕೋಟೆಯಲ್ಲಿ.

ಕೊನೆಗೆ ಅಕ್ಕನ ವಾದ. ಗೇಟಿನ ಕಂಬದ ಬಳಿಯ ರುಮಾಲಿನವರು ನಿಮ್ಮ ಮುತ್ತಜ್ಜನೇ ಎಂದು ಯಾವ ತಜ್ಞನೂ ಹೇಳಲಾರ, ಅಲ್ಲವೆಂದೂ ಹೇಳಲಾರ. ಮುಖ ಅಲುಗಿದೆ, ರುಮಾಲು ಮಾತ್ರ ನಿಂತಿದೆ. ಎರಡು ಸೆಕೆಂಡು ತಕ್ಕಮಟ್ಟಿಗೆ ನಿಂತವರೊಬ್ಬರು ಎಂಬುದಷ್ಟೇ ಖಾತ್ರಿ. ಉಳಿದವರೆಲ್ಲ ಓಡಾಡುತ್ತಿದ್ದಾಗ ಕ್ಯಾಮೆರಾದ ಕಡೆ ನೋಡುತ್ತ ನಿಂತವರು. ಎಡಗೈಯಲ್ಲಿ ಏನೋ ಉದ್ದನೆಯದು ಹಿಡಿದಂತೆ ಕಾಣುತ್ತಿದೆ, ಕೊಡೆಯೋ ಕೋಲೋ ಮೊಬೈಲ್ ಚಿತ್ರದಲ್ಲಿ ತಿಳಿಯಲಿಲ್ಲ. ಆ ಭಾಗವನ್ನು ಭೂತಗನ್ನಡಿಯ ಮೂಲಕ ಇನ್ನೊಮ್ಮೆ ತೆಗೆದು ಕಳಿಸಿ. ಮುತ್ತಜ್ಜ ಎಡಗೈಯವರಾಗಿದ್ದರೇ ಎಂದು ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.